ಸಿಡಿ ನುಡಿಸುವುದು ಮತ್ತು ರಿಪ್ ಮಾಡಿದ ಪ್ರತಿ ಕೇಳುವುದು: ಧ್ವನಿ ಗುಣಮಟ್ಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕದಾಗಿ ಹೇಳಿ: ಸಿಡಿಯ ಧ್ವನಿ ಉತ್ತಮವೋ, ರಿಪ್ ಮಾಡಿದ ಪ್ರತಿಯದೋ?

ರಿಪ್ ಮಾಡುವುದು ಎಂದರೆ ಸಿಡಿಯ ಹಾಡುಗಳನ್ನು ಕಂಪ್ಯೂಟರಿಗೆ ಫೈಲುಗಳಾಗಿ ನಕಲಿಸುವುದು. ಸರಿಯಾಗಿ ರಿಪ್ ಮಾಡಿ, ಯಾವ ಮಾಹಿತಿಯನ್ನೂ ಬಿಡದ ನಷ್ಟರಹಿತ ರೂಪದಲ್ಲಿ ಉಳಿಸಿಕೊಂಡ ಪ್ರತಿಯಲ್ಲಿರುವುದು ಸಿಡಿಯಲ್ಲಿರುವ ಅಂಕಿಗಳೇ. ಒಂದೇ ಡ್ಯಾಕ್ (ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಉಪಕರಣ), ಒಂದೇ ಆಂಪ್ಲಿಫೈಯರ್, ಒಂದೇ ಜೋಡಿ ಸ್ಪೀಕರುಗಳ ಮೂಲಕ, ಒಂದೇ ಪ್ರಮಾಣದ ಸದ್ದಿನಲ್ಲಿ ಎರಡನ್ನೂ ಕೇಳಿದರೆ ವ್ಯತ್ಯಾಸವಿರುವುದಿಲ್ಲ. ಹೀಗಿದ್ದರೂ ಅನೇಕರು ವ್ಯತ್ಯಾಸ ಕೇಳಿಸುತ್ತದೆ ಎನ್ನುತ್ತಾರೆ, ಮತ್ತು ಅವರು ಹೇಳುವುದು ಬಹಳ ಸಲ ನಿಜ. ಆದರೆ ಆ ವ್ಯತ್ಯಾಸ ಹುಟ್ಟುವುದು ತಟ್ಟೆ ಮತ್ತು ಫೈಲುಗಳ ನಡುವೆ ಅಲ್ಲ. ಅದು ಅಪೂರ್ಣವಾದ ರಿಪ್‌ನಲ್ಲಿ, ಮಾಹಿತಿಯ ಒಂದು ಭಾಗವನ್ನು ಬಿಟ್ಟು ಫೈಲನ್ನು ಕುಗ್ಗಿಸುವ ನಷ್ಟಸಹಿತ ಸಂಕೋಚನದಲ್ಲಿ, ನುಡಿಸುವ ಉಪಕರಣದಲ್ಲಿ, ಸದ್ದಿನ ಪ್ರಮಾಣದಲ್ಲಿ ಅಥವಾ ಧ್ವನಿಮುದ್ರಣದ ಬೇರೆಯದೇ ಆದ ಮಾಸ್ಟರಿನಲ್ಲಿ (ಅಚ್ಚಿಗೆ ಸಿದ್ಧಪಡಿಸಿದ ಅಂತಿಮ ಪ್ರತಿಯಲ್ಲಿ) ಇರುತ್ತದೆ. ಮುಂದಿನ ಉತ್ತರಗಳು ಬಹುಪಾಲು ಆ ಜಾಗವನ್ನು ಗುರುತಿಸುವುದಕ್ಕಾಗಿಯೇ ಇವೆ.

ಸಿಡಿಯಲ್ಲಿ ನಿಜವಾಗಿ ಇರುವುದೇನು?

ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು 1980ರಲ್ಲಿ ಒಪ್ಪಿಕೊಂಡ, ರೆಡ್ ಬುಕ್ ಎಂಬ ಹೆಸರಿನಿಂದ ಪ್ರಸಿದ್ಧವಾದ ಮಾನದಂಡದ ಪ್ರಕಾರ ಆಡಿಯೋ ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ ಧ್ವನಿಯ 44,100 ಅಳತೆಗಳು, ಅಂದರೆ ಸ್ಯಾಂಪಲ್‌ಗಳು, ಪ್ರತಿ ಸ್ಯಾಂಪಲ್‌ಗೆ 16 ಬಿಟ್‌ಗಳು, ಎಡ ಮತ್ತು ಬಲ ಎಂಬ ಎರಡು ಚಾನೆಲ್‌ಗಳು ಇರುತ್ತವೆ. ಗುಣಿಸಿ ನೋಡಿದರೆ ಇದು ಸೆಕೆಂಡಿಗೆ 1,76,400 ಬೈಟ್, ಅಂದರೆ 1,411.2 ಕಿಲೋಬಿಟ್. ಈ ದರದಲ್ಲಿ ಸುಮಾರು 22 ಕಿಲೋಹರ್ಟ್ಜ್‌ವರೆಗಿನ ಧ್ವನಿಯನ್ನು ಹಿಡಿದಿಡಬಹುದು. ಮನುಷ್ಯನ ಕಿವಿಯ ಮೇಲಿನ ಮಿತಿ ಎಳೆಯ ವಯಸ್ಸಿನಲ್ಲೂ ಸುಮಾರು 20 ಕಿಲೋಹರ್ಟ್ಜ್. ಹದಿನಾರು ಬಿಟ್‌ಗಳು ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಾದ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್‌ಗಳ ಅಂತರ ಕೊಡುತ್ತವೆ. ಮನೆಯಲ್ಲಿ ಕುಳಿತು ಸಂಗೀತ ಕೇಳುವವರಿಗೆ ಇದು ಧಾರಾಳವಾಗಿ ಸಾಕು.

ಭೌತಿಕವಾಗಿ ನೋಡಿದರೆ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ತಟ್ಟೆಯ ಮೇಲ್ಭಾಗದಲ್ಲಿ ಅತಿ ಸಣ್ಣ ಗುಳಿಗಳ ಒಂದು ಸುರುಳಿ ಒಳಗಿನಿಂದ ಹೊರಕ್ಕೆ ಸಾಗುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಿನ ಅಂತರ 1.6 ಮೈಕ್ರೋಮೀಟರ್. ಗುಳಿಗಳ ಮೇಲೆ ತೆಳುವಾದ ಅಲ್ಯೂಮಿನಿಯಂ ಪದರ, ಅದರ ಮೇಲೆ ಲ್ಯಾಕರ್, ಅದರ ಮೇಲೆ ಮುದ್ರಿತ ಲೇಬಲ್ ಇರುತ್ತವೆ. 780 ನ್ಯಾನೋಮೀಟರ್ ತರಂಗಾಂತರದ ಲೇಸರ್ ಕಿರಣವು ಕೆಳಗಿನಿಂದ ಪ್ಲಾಸ್ಟಿಕ್ಕನ್ನು ಹಾದುಹೋಗಿ ಈ ಪದರದಿಂದ ಪ್ರತಿಫಲಿಸುತ್ತದೆ. ಓದುವ ಜಾಗದಲ್ಲಿ ವೇಗ ಒಂದೇ ಆಗಿರಬೇಕಾದ್ದರಿಂದ ತಟ್ಟೆಯು ಆರಂಭದಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗಿ, ಕೊನೆಯ ಹೊತ್ತಿಗೆ ಸುಮಾರು 200 ಸುತ್ತಿಗೆ ಇಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಗುಳಿಗಳ ಆಕಾರದಲ್ಲಿ ಸಂಗೀತದ ಅಲೆ ಕೊರೆದಿಲ್ಲ. ಗುಳಿಯ ಅಂಚು ಬಂದರೆ ಒಂದು, ಬರದಿದ್ದರೆ ಸೊನ್ನೆ ಎಂಬಷ್ಟೇ ಮಾಹಿತಿ ಅಲ್ಲಿದೆ. ಗ್ರಾಮಫೋನ್ ತಟ್ಟೆಯಲ್ಲಿ ತೋಡಿನ ಗೋಡೆಯೇ ಧ್ವನಿಯ ರೂಪ. ಆದ್ದರಿಂದ ಅಲ್ಲಿ ಸೂಜಿ, ತೋಳು, ತಿರುಗುವ ಚಕ್ರ ಎಲ್ಲವೂ ನೇರವಾಗಿ ಧ್ವನಿಯನ್ನು ಮುಟ್ಟುತ್ತವೆ. ಸಿಡಿಯಲ್ಲಿ ಹಾಗಿಲ್ಲ. ಅಂಕಿ ಸರಿಯಾಗಿ ಓದಲ್ಪಟ್ಟರೆ ಅದು ಯಾವ ತಟ್ಟೆಯಿಂದ, ಎಷ್ಟು ಬೆಲೆಬಾಳುವ ಯಂತ್ರದಿಂದ ಬಂದಿತು ಎಂಬ ಗುರುತು ಅದರ ಮೇಲೆ ಉಳಿಯುವುದಿಲ್ಲ.

ತಟ್ಟೆಯ ಮೇಲೆ ಗೀರು, ಧೂಳು ಇದ್ದರೆ ಅಂಕಿಗಳು ತಪ್ಪಾಗುವುದಿಲ್ಲವೇ?

ತಪ್ಪಾಗುತ್ತವೆ, ಹೊಸ ತಟ್ಟೆಯಲ್ಲಿ ಕೂಡ. ಸಿಡಿಯನ್ನು ರೂಪಿಸಿದವರು ಇದನ್ನು ಮೊದಲೇ ಊಹಿಸಿ ದೋಷ ತಿದ್ದುವ ವ್ಯವಸ್ಥೆಯನ್ನು ಮಾನದಂಡದೊಳಗೇ ಸೇರಿಸಿದರು. ಪ್ರತಿ 24 ಬೈಟ್ ಧ್ವನಿಯ ಮಾಹಿತಿಗೆ 8 ಬೈಟ್ ಪರೀಕ್ಷಾ ಮಾಹಿತಿ ಸೇರುತ್ತದೆ, ಮತ್ತು ಫ್ರೇಮ್ ಎನ್ನುವ ಇಂಥ ಒಂದು ಗುಂಪಿನ ಬೈಟ್‌ಗಳನ್ನು ಒಂದೇ ಕಡೆ ಬರೆಯದೆ ನೂರಕ್ಕೂ ಹೆಚ್ಚು ಫ್ರೇಮುಗಳಲ್ಲಿ ಹಂಚಲಾಗುತ್ತದೆ. ಒಂದು ವಾಕ್ಯದ ಪದಗಳನ್ನು ಪುಸ್ತಕದ ಬೇರೆ ಬೇರೆ ಪುಟಗಳಲ್ಲಿ ಚದುರಿಸಿಟ್ಟರೆ, ಒಂದು ಪುಟ ಹರಿದುಹೋದಾಗ ಯಾವ ವಾಕ್ಯವೂ ಪೂರ್ತಿ ಅಳಿಯದೆ ಅನೇಕ ವಾಕ್ಯಗಳಿಂದ ಒಂದೊಂದು ಪದ ಮಾತ್ರ ಕಾಣೆಯಾಗುತ್ತದೆ. ಹಾಗೆ ಕಾಣೆಯಾದ ಒಂದೊಂದನ್ನು ಉಳಿದವುಗಳ ಆಧಾರದಿಂದ ಮರಳಿ ಪಡೆಯುವುದು ಸಾಧ್ಯ. ಕ್ರಾಸ್ ಇಂಟರ್‌ಲೀವ್ಡ್ ರೀಡ್-ಸಾಲೊಮನ್ ಕೋಡ್ ಎಂಬ ಈ ವಿಧಾನವು ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಮಾಹಿತಿ ಒಟ್ಟಿಗೆ ನಾಶವಾದರೂ ಅದನ್ನು ಸಂಪೂರ್ಣವಾಗಿ ತಿದ್ದಬಲ್ಲದು. ಹೀಗೆ ತಿದ್ದಿದ್ದು ಊಹೆಯಲ್ಲ, ಮೂಲದಲ್ಲಿದ್ದ ಅಂಕಿಯೇ.

ಹಾನಿ ಈ ಮಿತಿಯನ್ನು ಮೀರಿದಾಗ ಪ್ಲೇಯರ್ ಮುಂದಿನ ಉಪಾಯಕ್ಕೆ ಹೋಗುತ್ತದೆ: ಕಳೆದುಹೋದ ಸ್ಯಾಂಪಲ್‌ನ ಹಿಂದೆ ಮುಂದೆ ಇರುವ ಸ್ಯಾಂಪಲ್‌ಗಳನ್ನು ನೋಡಿ ನಡುವಿನ ಬೆಲೆಯೊಂದನ್ನು ತುಂಬುತ್ತದೆ. ಇದು ಊಹೆ. ಆಗೊಮ್ಮೆ ಈಗೊಮ್ಮೆ ನಡೆದರೆ ಕಿವಿಗೆ ತಿಳಿಯುವುದೇ ಇಲ್ಲ. ಊಹೆಯೂ ಸಾಧ್ಯವಾಗದಿದ್ದರೆ ಆ ಕ್ಷಣವನ್ನು ಮೌನಗೊಳಿಸುತ್ತದೆ, ಅಥವಾ ಲೇಸರ್ ದಾರಿ ತಪ್ಪಿ ಹಾಡು ಜಿಗಿಯುತ್ತದೆ.

ಗೀರು ಬಿದ್ದ ಸಿಡಿಯ ಧ್ವನಿ ಮಂಕಾಗುತ್ತದೆ, ವಾದ್ಯಗಳ ಅಂಚು ಮೊಂಡಾಗುತ್ತದೆ ಎಂಬ ಮಾತು ಸರಿಯಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಸಿಡಿಯ ದೋಷ ಮೆಲ್ಲಗೆ ಮಸುಕಾಗುವ ಜಾತಿಯದಲ್ಲ. ತಿದ್ದುಪಡಿ ಸಾಧ್ಯವಿರುವವರೆಗೆ ಏನೂ ಬದಲಾಗದು. ಅದು ಕೈಕೊಟ್ಟಾಗ ಕೇಳಿಸುವುದು ಟಿಕ್ ಎಂಬ ಸದ್ದು, ಕಿರಿಕಿರಿ, ತಡೆ.

ರಿಪ್ ಮಾಡಿದ ಪ್ರತಿ ಸಿಡಿ ಪ್ಲೇಯರಿಗಿಂತ ಉತ್ತಮವಾಗಿರಲು ಸಾಧ್ಯವೇ?

ಸಾಧ್ಯ, ಹಾನಿಗೊಂಡ ತಟ್ಟೆಗಳ ವಿಷಯದಲ್ಲಿ. ಪ್ಲೇಯರಿಗೆ ಸಮಯದ ಒತ್ತಡವಿದೆ. ಸಂಗೀತ ಹರಿಯುತ್ತಿರಬೇಕಾದ್ದರಿಂದ ಅದು ಸಾಮಾನ್ಯವಾಗಿ ಒಂದು ಜಾಗವನ್ನು ಒಮ್ಮೆ ಓದಿ, ಸರಿಹೋಗದಿದ್ದರೆ ಊಹಿಸಿ ಮುಂದೆ ಸಾಗುತ್ತದೆ. ರಿಪ್ ಮಾಡುವ ತಂತ್ರಾಂಶಕ್ಕೆ ಆ ಅವಸರವಿಲ್ಲ. ಅನುಮಾನ ಬಂದ ಜಾಗವನ್ನು ಅದು ಹತ್ತಾರು ಸಲ, ವೇಗ ತಗ್ಗಿಸಿ, ಮತ್ತೆ ಮತ್ತೆ ಓದಬಲ್ಲದು. ಪ್ಲೇಯರಿನಲ್ಲಿ ತಡವರಿಸುವ ತಟ್ಟೆಯಿಂದ ಒಂದು ದೋಷವೂ ಇಲ್ಲದ ಫೈಲ್ ಸಿಗುವುದು ಅಪರೂಪವೇನಲ್ಲ.

ಹಾಗಿದ್ದರೆ ಕೆಟ್ಟ ರಿಪ್‌ಗಳು ಏಕೆ ಇವೆ? ಫೈಲ್ ನಕಲು ಮಾಡಿದಷ್ಟೇ ಸುಲಭವಲ್ಲವೇ?

ಅಷ್ಟು ಸುಲಭವಲ್ಲ, ಮತ್ತು ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು. ಕಂಪ್ಯೂಟರ್ ಮಾಹಿತಿ ತುಂಬಿದ ಸಿಡಿ-ರಾಮ್‌ನಲ್ಲಿ 2,352 ಬೈಟ್‌ಗಳ ಪ್ರತಿ ಸೆಕ್ಟರಿನಲ್ಲಿ 2,048 ಬೈಟ್ ಮಾತ್ರ ಮಾಹಿತಿ. ಉಳಿದ ಜಾಗದಲ್ಲಿ ಸೆಕ್ಟರಿನ ನಿಖರ ವಿಳಾಸವೂ ಎರಡನೆಯ ಹಂತದ ದೋಷ ತಿದ್ದುಪಡಿಯೂ ಇರುತ್ತವೆ. ಆಡಿಯೋ ಸಿಡಿಯಲ್ಲಿ 2,352 ಬೈಟ್‌ಗಳೂ ಧ್ವನಿಗೇ ಮೀಸಲು. ವಿಳಾಸವು ಧ್ವನಿಯ ಜೊತೆಗೆ ಸಾಗುವ ಸಬ್‌ಕೋಡ್ ಎಂಬ ಪ್ರತ್ಯೇಕ ಎಳೆಯಲ್ಲಿದೆ, ಮತ್ತು ಅದು ಸ್ಯಾಂಪಲ್ ಮಟ್ಟದಷ್ಟು ನಿಖರವಲ್ಲ. ಸಿಡಿಯನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುವುದಕ್ಕೆಂದು ರೂಪಿಸಿದ್ದರು. ನಡುವೆ ನಿಲ್ಲಿಸಿ, ಸರಿಯಾಗಿ ಅದೇ ಸ್ಯಾಂಪಲ್‌ನಿಂದ ಮತ್ತೆ ಓದುವ ಅಗತ್ಯ ಆಗ ಇರಲಿಲ್ಲ.

ಇದರ ಪರಿಣಾಮವಾಗಿ ಹಳೆಯ ಡ್ರೈವ್‌ಗಳು ಓದು ನಿಲ್ಲಿಸಿ ಮುಂದುವರಿಸಿದಾಗ ಕೆಲವು ಸ್ಯಾಂಪಲ್‌ಗಳನ್ನು ಬಿಟ್ಟುಬಿಡುತ್ತಿದ್ದವು ಅಥವಾ ಎರಡು ಸಲ ಓದುತ್ತಿದ್ದವು. ಅದು ಸಣ್ಣ ಚಟಕ್ ಸದ್ದಾಗಿ ಕೇಳಿಸುತ್ತಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಸಿಡಿ ಪ್ಯಾರನೋಯ, ಎಕ್ಸಾಕ್ಟ್ ಆಡಿಯೋ ಕಾಪಿ ಮುಂತಾದ ತಂತ್ರಾಂಶಗಳು ಓದಿದ ತುಂಡುಗಳ ಅಂಚುಗಳನ್ನು ಒಂದರ ಮೇಲೊಂದು ಹೊಂದಿಸಿ ನೋಡುವ ಮೂಲಕ ಇದನ್ನು ಪರಿಹರಿಸಿದವು. ಇಂದಿನ ಡ್ರೈವ್‌ಗಳಲ್ಲಿ ಈ ತೊಂದರೆ ಬಹುಮಟ್ಟಿಗೆ ಇಲ್ಲ. ಆದರೆ ಇನ್ನೊಂದು ಉಳಿದಿದೆ: ಡ್ರೈವ್ ತಾನು ಓದಿದ್ದನ್ನು ಕ್ಯಾಶ್ ಎಂಬ ತನ್ನ ತಾತ್ಕಾಲಿಕ ನೆನಪಿನಲ್ಲಿ ಇಟ್ಟುಕೊಂಡು, ಎರಡನೆಯ ಸಲ ಕೇಳಿದಾಗ ತಟ್ಟೆಯ ಕಡೆಗೆ ನೋಡದೆ ಹಳೆಯ ತಪ್ಪನ್ನೇ ಮರಳಿ ಕೊಡಬಹುದು. ಎರಡು ಓದುಗಳೂ ಒಂದೇ ಆಗಿ ಕಂಡರೂ ಎರಡೂ ತಪ್ಪಾಗಿರುತ್ತವೆ. ಆದ್ದರಿಂದಲೇ ಈ ತಂತ್ರಾಂಶಗಳ ಸುರಕ್ಷಿತ (ಸೆಕ್ಯೂರ್) ವಿಧಾನದಲ್ಲಿ ಕ್ಯಾಶ್ ಅನ್ನು ಬದಿಗೊತ್ತುವ ಆಯ್ಕೆ ಇರುತ್ತದೆ.

ತಂತ್ರಾಂಶದ ಪೂರ್ವನಿಯೋಜಿತ ಆಯ್ಕೆಗಳನ್ನು ಹಾಗೆಯೇ ಬಿಟ್ಟು ಅತಿ ವೇಗದಲ್ಲಿ ರಿಪ್ ಮಾಡಿದ ಪ್ರತಿಗಳಲ್ಲಿ ಎಲ್ಲೋ ಒಂದು ಕಡೆ ಟಿಕ್ ಎನ್ನುವುದು ಸಾಮಾನ್ಯ. ತಟ್ಟೆ ಸ್ವಚ್ಛವಾಗಿದ್ದರೆ ವೇಗದ ರಿಪ್ ಕೂಡ ನಿಖರವಾಗಿಯೇ ಇರಬಹುದು, ಆದರೆ ಪರೀಕ್ಷೆ ಇಲ್ಲದೆ ಅದನ್ನು ತಿಳಿಯುವ ದಾರಿಯಿಲ್ಲ.

ನನ್ನ ರಿಪ್ ಸರಿಯಾಗಿದೆ ಎಂದು ತಿಳಿಯುವುದು ಹೇಗೆ?

ಅಕ್ಯುರೇಟ್‌ರಿಪ್ ಎಂಬ ದತ್ತಸಂಚಯವನ್ನು ಬಳಸುವ ತಂತ್ರಾಂಶವನ್ನು ಆರಿಸಿಕೊಳ್ಳಿ. ಎಕ್ಸಾಕ್ಟ್ ಆಡಿಯೋ ಕಾಪಿ, ಡಿಬಿಪವರ್‌ಆಂಪ್, ಎಕ್ಸ್‌ಎಲ್‌ಡಿ ಮುಂತಾದವು ಇದನ್ನು ಬೆಂಬಲಿಸುತ್ತವೆ. ಅದೇ ಸಿಡಿಯನ್ನು ಬೇರೆ ಬೇರೆ ಕಡೆ, ಬೇರೆ ಬೇರೆ ಡ್ರೈವ್‌ಗಳಲ್ಲಿ ರಿಪ್ ಮಾಡಿದವರ ಪ್ರತಿಗಳ ಚೆಕ್‌ಸಮ್ (ಫೈಲಿನ ಅಂಕಿಗಳಿಂದ ಲೆಕ್ಕಹಾಕಿದ ಚಿಕ್ಕ ಗುರುತು) ಅಲ್ಲಿ ಸಂಗ್ರಹವಾಗಿರುತ್ತದೆ. ನಿಮ್ಮದು ಅವರದಕ್ಕೆ ತಾಳೆಯಾದರೆ, ಪರಿಚಯವೇ ಇಲ್ಲದ ಅಷ್ಟು ಜನರ ತಟ್ಟೆಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಆಗಿರುವುದು ಅಸಂಭವವಾದ್ದರಿಂದ, ನಿಮ್ಮ ಪ್ರತಿ ನಿಖರ ಎಂದು ನೆಮ್ಮದಿಯಿಂದ ಹೇಳಬಹುದು. ಸಿಯುಇಟೂಲ್ಸ್ ದತ್ತಸಂಚಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಣ್ಣ ಹಾನಿಯಿರುವ ರಿಪ್ ಅನ್ನು ಸರಿಪಡಿಸಲು ಬೇಕಾದ ಮಾಹಿತಿಯನ್ನೂ ಇಟ್ಟುಕೊಂಡಿರುತ್ತದೆ. ಹಿಂದೆ ಪ್ರತಿ ತಟ್ಟೆಯನ್ನೂ ಕಿವಿಗೊಟ್ಟು ಕೇಳಿ ಪರೀಕ್ಷಿಸಬೇಕಾಗಿತ್ತು ಎಂಬುದನ್ನು ನೆನೆದರೆ, ಅಪರಿಚಿತರೆಲ್ಲ ಸೇರಿ ಕಟ್ಟಿದ ಈ ಸೌಲಭ್ಯದ ಬೆಲೆ ಅರ್ಥವಾಗುತ್ತದೆ.

ನಿಮ್ಮ ಸಿಡಿ ಅಪರೂಪದ್ದಾಗಿದ್ದು ದತ್ತಸಂಚಯದಲ್ಲಿ ಇಲ್ಲದಿದ್ದರೆ, ಎರಡು ಸಲ ರಿಪ್ ಮಾಡಿ ಎರಡರ ಚೆಕ್‌ಸಮ್ ಹೋಲಿಸಿ; ಸಾಧ್ಯವಿದ್ದರೆ ಎರಡನೆಯ ಸಲ ಬೇರೆ ಕಂಪನಿಯ ಡ್ರೈವ್ ಬಳಸಿ.

ಡ್ರೈವ್ ಆಫ್‌ಸೆಟ್ ಎಂದರೇನು? ಅದು ಧ್ವನಿಯನ್ನು ಕೆಡಿಸುತ್ತದೆಯೇ?

ಪ್ರತಿಯೊಂದು ಮಾದರಿಯ ಡ್ರೈವ್ ಹಾಡಿನ ಆರಂಭವನ್ನು ಕೆಲವು ಸ್ಯಾಂಪಲ್‌ಗಳಷ್ಟು ಹಿಂದೆ ಅಥವಾ ಮುಂದೆ ಗುರುತಿಸುತ್ತದೆ. ಕೆಲವು ನೂರು ಸ್ಯಾಂಪಲ್ ಎಂದರೆ ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸು. ಧ್ವನಿಗೆ ಏನೂ ಆಗುವುದಿಲ್ಲ. ಬೇರೆಯವರ ಪ್ರತಿಯೊಂದಿಗೆ ಹೋಲಿಸುವುದಕ್ಕಾಗಿ ಮಾತ್ರ ಇದನ್ನು ಸರಿಪಡಿಸಿಕೊಳ್ಳಬೇಕು, ಮತ್ತು ತಂತ್ರಾಂಶಗಳು ಅದನ್ನು ತಾವೇ ಮಾಡಬಲ್ಲವು.

ಯಾವ ರೂಪದಲ್ಲಿ ಉಳಿಸಬೇಕು? ಫ್ಲ್ಯಾಕ್‌ಗಿಂತ ವೇವ್ ಚೆನ್ನಾಗಿ ಕೇಳಿಸುತ್ತದೆಯೇ?

ಫ್ಲ್ಯಾಕ್. ಆಪಲ್ ಉಪಕರಣಗಳನ್ನೇ ನೆಚ್ಚಿಕೊಂಡವರು ಅಲ್ಯಾಕ್ ಆರಿಸಿಕೊಳ್ಳಬಹುದು. ಅದು 2011ರಿಂದ ಮುಕ್ತ ತಂತ್ರಾಂಶವಾಗಿಯೂ ಲಭ್ಯವಿದೆ. ಎರಡೂ ಧ್ವನಿಯನ್ನು ಕುಗ್ಗಿಸಿಡುವ ನಷ್ಟರಹಿತ ರೂಪಗಳು: ಬಿಚ್ಚಿದಾಗ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಮೂಲ ಮರಳಿ ಬರುತ್ತದೆ. 74 ನಿಮಿಷದ ಸಿಡಿಯು ಕುಗ್ಗಿಸದೆ ಇಡುವ ವೇವ್ ರೂಪದಲ್ಲಿ ಸುಮಾರು 783 ಮೆಗಾಬೈಟ್ ಆಗುತ್ತದೆ. ಫ್ಲ್ಯಾಕ್‌ನಲ್ಲಿ ಸಂಗೀತದ ಸ್ವರೂಪಕ್ಕೆ ತಕ್ಕಂತೆ ಅದು ಸಾಮಾನ್ಯವಾಗಿ ಅರ್ಧದಿಂದ ಮೂರರಲ್ಲಿ ಎರಡು ಭಾಗದಷ್ಟಾಗುತ್ತದೆ. ಒಂದೇ ತಂಬೂರಿಯ ಮೆಲುದನಿ ಹೆಚ್ಚು ಕುಗ್ಗುತ್ತದೆ, ಅಬ್ಬರದ ರಾಕ್ ಸಂಗೀತ ಕಡಿಮೆ ಕುಗ್ಗುತ್ತದೆ.

ವೇವ್ ಹೆಚ್ಚು ಸಹಜವಾಗಿ ಕೇಳಿಸುತ್ತದೆ ಎನ್ನುವವರಿದ್ದಾರೆ. ಡ್ಯಾಕ್ ತಲುಪುವ ಹೊತ್ತಿಗೆ ಎರಡೂ ಒಂದೇ ಅಂಕಿಗಳ ಸಾಲು, ಮತ್ತು ಇದನ್ನು ಯಾರು ಬೇಕಾದರೂ ಕಂಪ್ಯೂಟರಿನಲ್ಲಿ ಹೋಲಿಸಿ ನೋಡಬಹುದು. ಫ್ಲ್ಯಾಕ್‌ಗೆ ಒಂದು ಅನುಕೂಲ ಹೆಚ್ಚಿಗೆ ಇದೆ: ಮೂಲ ಧ್ವನಿಯ ಎಂಡಿ5 ಎಂಬ ಚೆಕ್‌ಸಮ್ ಫೈಲಿನೊಳಗೇ ಇರುವುದರಿಂದ, ಹತ್ತು ವರ್ಷಗಳ ನಂತರ ಹಾರ್ಡ್ ಡಿಸ್ಕ್ ಕೈಕೊಟ್ಟು ಫೈಲ್ ಹಾಳಾಗಿದ್ದರೆ ಅದನ್ನು ಪತ್ತೆಹಚ್ಚಬಹುದು. ವೇವ್ ಫೈಲಿನಲ್ಲಿ ಅಂಥ ಏರ್ಪಾಡಿಲ್ಲ. ಫ್ಲ್ಯಾಕ್‌ನಲ್ಲಿರುವ 0ಯಿಂದ 8ರವರೆಗಿನ ಹಂತಗಳು ಫೈಲಿನ ಗಾತ್ರವನ್ನೂ ಸಂಕೋಚಿಸಲು ಹಿಡಿಯುವ ಸಮಯವನ್ನೂ ಬದಲಿಸುತ್ತವೆ, ಧ್ವನಿಯನ್ನಲ್ಲ.

ಎಂಪಿ3 ಮಾಡಿಕೊಂಡರೆ ಎಷ್ಟು ನಷ್ಟ?

ಎಂಪಿ3, ಎಎಸಿ, ಓಪಸ್ ಮುಂತಾದವು ಕಿವಿಗೆ ಕೇಳಿಸದು ಎಂದು ಅಂದಾಜಿಸಿದ ಮಾಹಿತಿಯನ್ನು ಶಾಶ್ವತವಾಗಿ ಬಿಟ್ಟುಬಿಡುತ್ತವೆ. ಜೋರಾದ ಸ್ವರವೊಂದು ತನ್ನ ಪಕ್ಕದ ಮೆಲ್ಲನೆಯ ಸ್ವರವನ್ನು ಮರೆಮಾಡುತ್ತದೆ ಎಂಬ ಶ್ರವಣ ವಿಜ್ಞಾನದ ತಿಳಿವಳಿಕೆಯೇ ಇದಕ್ಕೆ ಆಧಾರ. 320 ಕಿಲೋಬಿಟ್ ದರದ ಎಂಪಿ3ಯು ಸಿಡಿಯ ಮಾಹಿತಿಯ ಕಾಲುಭಾಗಕ್ಕಿಂತ ಕಡಿಮೆ. 128 ಕಿಲೋಬಿಟ್‌ನದು ಹನ್ನೊಂದನೆಯ ಒಂದು ಭಾಗ.

ಕಡಿಮೆ ದರದಲ್ಲಿ ನಷ್ಟ ಸ್ಪಷ್ಟವಾಗಿ ಕೇಳಿಸುತ್ತದೆ. ತಾಳದ ಝಣತ್ಕಾರ ನೀರಿನ ಗುಳುಗುಳು ಸದ್ದಿನಂತಾಗುತ್ತದೆ. ಚಪ್ಪಾಳೆ, ಕ್ಯಾಸ್ಟನೆಟ್‌ಗಳಂಥ ತಟ್ಟನೆ ಹುಟ್ಟುವ ಸದ್ದುಗಳ ಮೊದಲು ಒಂದು ಮಸುಕಾದ ಮುನ್‌ಪ್ರತಿಧ್ವನಿ ಬರುತ್ತದೆ. 128 ಕಿಲೋಬಿಟ್‌ನಲ್ಲಿ ಸಾಮಾನ್ಯವಾಗಿ 16ರಿಂದ 17 ಕಿಲೋಹರ್ಟ್ಜ್ ಮೇಲಿನದನ್ನು ಕತ್ತರಿಸಿಬಿಡುತ್ತಾರೆ. ಆದರೆ ಲೇಮ್ ಎನ್‌ಕೋಡರಿನಿಂದ 256 ಅಥವಾ 320 ಕಿಲೋಬಿಟ್‌ನಲ್ಲಿ ಮಾಡಿದ ಎಂಪಿ3ಯನ್ನು ಮೂಲದಿಂದ ಕಿವಿಯಿಂದಲೇ ಬೇರ್ಪಡಿಸುವುದು ಬಹುತೇಕ ಜನರಿಗೆ, ಬಹುತೇಕ ಸಂಗೀತದಲ್ಲಿ ಸಾಧ್ಯವಾಗುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬೇಕಾಗಿಲ್ಲ.

ಹಾಗಾದರೂ ಮೂಲಪ್ರತಿಯಾಗಿ ಎಂಪಿ3 ಇಟ್ಟುಕೊಳ್ಳಬೇಡಿ. ನಾಳೆ ಬೇರೆ ರೂಪ ಬೇಕಾದಾಗ ಎಂಪಿ3ಯಿಂದ ಪರಿವರ್ತಿಸಿದರೆ ನಷ್ಟದ ಮೇಲೆ ನಷ್ಟ ಕೂಡುತ್ತದೆ. ಫ್ಲ್ಯಾಕ್ ಇದ್ದರೆ ಎಷ್ಟು ಸಲ ಬೇಕಾದರೂ ಹೊಸದಾಗಿ ಮಾಡಿಕೊಳ್ಳಬಹುದು. ಇನ್ನೂ ಎರಡು ತೊಡಕುಗಳಿವೆ. ಎಂಪಿ3ಯು 1,152 ಸ್ಯಾಂಪಲ್‌ಗಳ ಫ್ರೇಮುಗಳಲ್ಲಿ ಕೆಲಸ ಮಾಡುವುದರಿಂದ ಹಾಡಿನ ಆದಿ ಅಂತ್ಯಗಳಲ್ಲಿ ಚೂರು ಮೌನ ಸೇರುತ್ತದೆ. ತಂತ್ರಾಂಶ ಅದನ್ನು ಕಳೆಯದಿದ್ದರೆ, ಒಂದರಿಂದ ಇನ್ನೊಂದಕ್ಕೆ ಹರಿಯುವ ಕಛೇರಿಯ ಧ್ವನಿಮುದ್ರಣದಲ್ಲಿ ಹಾಡುಗಳ ನಡುವೆ ತಡೆ ಕೇಳಿಸುತ್ತದೆ. ಎರಡನೆಯದಾಗಿ, ಸದ್ದಿನ ಮಟ್ಟವನ್ನು ಮಿತಿಯ ಅಂಚಿಗೆ ತಂದು ಮುದ್ರಿಸಿದ ಸಿಡಿಗಳನ್ನು ಎಂಪಿ3 ಮಾಡಿದಾಗ ಕೆಲವು ಶಿಖರಗಳು ಮಿತಿಯನ್ನು ಮೀರಿ, ನುಡಿಸುವಾಗ ಕತ್ತರಿಸಲ್ಪಡುತ್ತವೆ.

ನನ್ನದು ನಿಖರವಾದ ಫ್ಲ್ಯಾಕ್. ಆದರೂ ಸಿಡಿ ಪ್ಲೇಯರಿನಲ್ಲಿ ಅದೇ ಹಾಡು ಹೆಚ್ಚು ತುಂಬಿಕೊಂಡಂತೆ ಕೇಳಿಸುತ್ತದೆ. ಏಕೆ?

ಎಲ್ಲಕ್ಕಿಂತ ಹೆಚ್ಚಾಗಿ ಬರುವ ಪ್ರಶ್ನೆ ಇದು. ಕೇಳುವವರನ್ನು ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಕಾರಣಗಳು ನಿಜವಾಗಿ ಇವೆ.

ಮೊದಲನೆಯದು ಸದ್ದಿನ ಪ್ರಮಾಣ. ಸಿಡಿ ಪ್ಲೇಯರುಗಳು ಪೂರ್ಣ ಮಟ್ಟದಲ್ಲಿ ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಕಂಪ್ಯೂಟರ್ ಅಥವಾ ಫೋನಿನ ಹೆಡ್‌ಫೋನ್ ಕಿಂಡಿ ಅನೇಕ ಸಲ 1 ವೋಲ್ಟಿನ ಆಸುಪಾಸು. ಎರಡರ ನಡುವೆ 6 ಡೆಸಿಬೆಲ್ ಅಂತರ. ಒಂದೇ ಸಂಗೀತವನ್ನು ಚೂರು ಜೋರಾಗಿ ಕೇಳಿದರೆ ನಮ್ಮ ಕಿವಿ ಅದನ್ನು ಜೋರು ಎಂದು ಗುರುತಿಸುವ ಮೊದಲು ಉತ್ತಮ ಎಂದು ಗುರುತಿಸುತ್ತದೆ: ಮಂದ್ರ ಹೆಚ್ಚು ತುಂಬಿದಂತೆ, ವಿವರ ಹೆಚ್ಚು ತೆರೆದಂತೆ ಅನ್ನಿಸುತ್ತದೆ. ಅರ್ಧ ಡೆಸಿಬೆಲ್ ಕೂಡ ಇದಕ್ಕೆ ಸಾಕಾಗಬಹುದು. ಎರಡು ಮೂಲಗಳನ್ನು ಹೋಲಿಸುವವರು ಮಟ್ಟವನ್ನು 0.1 ಡೆಸಿಬೆಲ್‌ನೊಳಗೆ ಸರಿಹೊಂದಿಸಬೇಕೆಂದು ಪರಿಣತರು ಒತ್ತಿ ಹೇಳುವುದು ಇದಕ್ಕಾಗಿಯೇ. ಸಂಗೀತ ತಂತ್ರಾಂಶದಲ್ಲಿ ರಿಪ್ಲೇಗೇನ್ ಅಥವಾ ಮಟ್ಟ ಸಮಗೊಳಿಸುವ ಆಯ್ಕೆ ಚಾಲನೆಯಲ್ಲಿದ್ದರೆ ಫೈಲ್ ಇನ್ನಷ್ಟು ಮೆಲ್ಲಗಾಗಿರುತ್ತದೆ.

ಎರಡನೆಯದು ಡ್ಯಾಕ್ ಮತ್ತು ಅದರ ನಂತರದ ಅನಲಾಗ್ ಭಾಗ. ಅಂಕಿ ಒಂದೇ ಆದರೂ ಅದನ್ನು ವಿದ್ಯುತ್ ಸಂಕೇತವಾಗಿಸುವ ಯಂತ್ರ ಬೇರೆ. ಗಿಜಿಗುಡುವ ಮದರ್‌ಬೋರ್ಡಿನ ಮೂಲೆಯಲ್ಲಿರುವ ಅಗ್ಗದ ಧ್ವನಿ ಚಿಪ್‌ಗೂ ಒಳ್ಳೆಯ ಪ್ಲೇಯರಿನ ಒಳಗಿನದಕ್ಕೂ ವ್ಯತ್ಯಾಸವಿರಬಹುದು. ಹಿನ್ನೆಲೆಯ ಗುಂಯ್ ಸದ್ದು ಅದರ ಸಾಮಾನ್ಯ ಲಕ್ಷಣ. ಇದಕ್ಕೆ ಪರಿಹಾರ ಸಿಡಿಗೆ ಮರಳುವುದಲ್ಲ, ಹೊರಗಿನ ಒಂದು ಸಾಧಾರಣ ಯುಎಸ್‌ಬಿ ಡ್ಯಾಕ್ ಜೋಡಿಸುವುದು.

ಮೂರನೆಯದು ನಡುವಿನ ತಂತ್ರಾಂಶ. ಆಪರೇಟಿಂಗ್ ಸಿಸ್ಟಮ್ ಎಲ್ಲ ಸದ್ದುಗಳನ್ನೂ ಬೆರೆಸುವಾಗ 44.1 ಕಿಲೋಹರ್ಟ್ಜ್ ಸಂಗೀತವನ್ನು 48 ಕಿಲೋಹರ್ಟ್ಜ್‌ಗೆ ಬದಲಿಸಬಹುದು. ಚೆನ್ನಾಗಿ ಮಾಡಿದರೆ ಅದು ಕೇಳಿಸುವುದಿಲ್ಲ. ಅದಕ್ಕಿಂತ ಹೆಚ್ಚು ಹಾನಿ ಮಾಡುವುದು ಈಕ್ವಲೈಸರ್, ಸರೌಂಡ್, ಬಾಸ್ ಬೂಸ್ಟ್ ಮುಂತಾಗಿ ಯಾರಿಗೂ ಹೇಳದೆ ಚಾಲೂ ಆಗಿರುವ ಸುಧಾರಣೆಗಳು. ಅವೆಲ್ಲವನ್ನೂ ನಿಲ್ಲಿಸಿ, ವಿಂಡೋಸ್‌ನಲ್ಲಿ ವಸಾಪಿ ಎಕ್ಸ್‌ಕ್ಲೂಸಿವ್ ವಿಧಾನದಂಥ ನೇರ ದಾರಿಯನ್ನು ಬಳಸಿದರೆ ಅಂಕಿಗಳು ಬದಲಾಗದೆ ಡ್ಯಾಕ್ ತಲುಪುತ್ತವೆ.

ನಾಲ್ಕನೆಯದು ಬ್ಲೂಟೂತ್. ಎಷ್ಟೇ ಒಳ್ಳೆಯ ಫ್ಲ್ಯಾಕ್ ಆದರೂ ಬ್ಲೂಟೂತ್ ಹೆಡ್‌ಫೋನಿಗೆ ಕಳುಹಿಸುವಾಗ ಸಾಮಾನ್ಯವಾಗಿ ಎಸ್‌ಬಿಸಿ, ಎಎಸಿ ಅಥವಾ ಎಲ್‌ಡ್ಯಾಕ್‌ನಂಥ ನಷ್ಟಸಹಿತ ರೂಪಕ್ಕೆ ಅಲ್ಲೇ ಬದಲಾಗುತ್ತದೆ. ತಂತಿಯಲ್ಲಿ ಕೇಳಿದ ಸಿಡಿಯನ್ನು ಬ್ಲೂಟೂತ್‌ನಲ್ಲಿ ಕೇಳಿದ ಫೈಲಿನೊಂದಿಗೆ ಹೋಲಿಸುವುದು ಸಿಡಿ ಮತ್ತು ಫೈಲುಗಳ ಹೋಲಿಕೆಯೇ ಅಲ್ಲ.

ಇವುಗಳಲ್ಲಿ ಯಾವುದು ಕಾರಣ ಎಂದು ತಿಳಿಯಲು ಒಂದು ನೇರವಾದ ದಾರಿ ಇದೆ. ಸಿಡಿ ಪ್ಲೇಯರಿನ ಡಿಜಿಟಲ್ ಔಟ್‌ಪುಟ್ ಅನ್ನೂ ಕಂಪ್ಯೂಟರನ್ನೂ ಒಂದೇ ಡ್ಯಾಕ್‌ಗೆ ಜೋಡಿಸಿ, ಕಂಪ್ಯೂಟರಿನ ಸದ್ದಿನ ಮಟ್ಟವನ್ನು ಪೂರ್ಣಕ್ಕೆ ಇಟ್ಟು, ಎರಡನ್ನೂ ಅದಲುಬದಲು ಮಾಡಿ ಕೇಳಿ. ಹೀಗೆ ಮಾಡಿದವರಲ್ಲಿ ಬಹುಪಾಲು ಜನರ ಸಂದೇಹ ಅಲ್ಲಿಗೇ ಪರಿಹಾರವಾಗುತ್ತದೆ.

ಜಿಟ್ಟರ್ ಕಾರಣದಿಂದ ರಿಪ್ ಮಾಡಿದ ಫೈಲಿನ ಧ್ವನಿ ಕೆಡುತ್ತದೆ ಎನ್ನುತ್ತಾರಲ್ಲ?

ಜಿಟ್ಟರ್ ಎಂದರೆ ಸ್ಯಾಂಪಲ್‌ಗಳು ಧ್ವನಿಯಾಗುವ ಗಳಿಗೆಯಲ್ಲಿ ಆಗುವ ಸಣ್ಣ ಏರುಪೇರು. ಅದು ಗಡಿಯಾರದ ಗುಣ. ಫೈಲಿನಲ್ಲಿ ಗಡಿಯಾರವೇ ಇಲ್ಲದ್ದರಿಂದ ಫೈಲಿನೊಳಗೆ ಜಿಟ್ಟರ್ ಉಳಿದುಕೊಳ್ಳಲು ಜಾಗವಿಲ್ಲ. ಸಿಡಿ ಪ್ಲೇಯರಿನಲ್ಲಿ ಕೂಡ ಮೋಟಾರಿನ ವೇಗದ ಏರಿಳಿತ ಧ್ವನಿಗೆ ತಾಗುವುದಿಲ್ಲ, ಏಕೆಂದರೆ ಓದಿದ ಮಾಹಿತಿ ಮೊದಲು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ನಿಂತು, ಕ್ವಾರ್ಟ್ಜ್ ಹರಳಿನ ಗಡಿಯಾರದ ಲಯಕ್ಕೆ ಹೊರಬರುತ್ತದೆ. ಅಸಿಂಕ್ರೊನಸ್ ಯುಎಸ್‌ಬಿ ಡ್ಯಾಕ್‌ಗಳಲ್ಲಿ ಗಡಿಯಾರ ಡ್ಯಾಕ್‌ನೊಳಗೇ ಇದ್ದು, ಕಂಪ್ಯೂಟರ್ ಅದು ಕೇಳಿದಷ್ಟು ಮಾಹಿತಿಯನ್ನು ಒದಗಿಸುತ್ತದೆ. ಈ ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ: ಹಳೆಯ ಡ್ರೈವ್‌ಗಳು ಓದು ಮುಂದುವರಿಸುವಾಗ ಜಾಗ ತಪ್ಪುತ್ತಿದ್ದ ದೋಷವನ್ನೂ ಜಿಟ್ಟರ್ ಎಂದೇ ಕರೆಯುತ್ತಿದ್ದರು. ಎರಡೂ ಬೇರೆ ವಿಷಯಗಳು.

ರಿಪ್ ನಿಖರವಾಗಿದ್ದೂ ಸಿಡಿಗಿಂತ ಬೇರೆಯಾಗಿ ಕೇಳಿಸುವ ಸಂದರ್ಭ ನಿಜವಾಗಿ ಇದೆಯೇ?

ಇದೆ, ಮತ್ತು ಹಳೆಯ ಸಿಡಿಗಳನ್ನು ಸಂಗ್ರಹಿಸುವವರು ಇದನ್ನು ತಿಳಿದಿರಲೇಬೇಕು. ಎಂಬತ್ತರ ದಶಕದ ಕೆಲವು ಸಿಡಿಗಳಲ್ಲಿ, ವಿಶೇಷವಾಗಿ ಜಪಾನಿನಲ್ಲಿ ಅಚ್ಚಾದ ಆರಂಭಿಕ ತಟ್ಟೆಗಳಲ್ಲಿ, ಪ್ರೀ-ಎಂಫಸಿಸ್ ಬಳಸಿದ್ದಾರೆ. ಮುದ್ರಿಸುವಾಗ ತಾರದ ಕಡೆಯ ಧ್ವನಿಯನ್ನು ಕ್ರಮೇಣ ಏರಿಸಿ, ಮೇಲಿನ ತುದಿಯಲ್ಲಿ 9ರಿಂದ 10 ಡೆಸಿಬೆಲ್‌ನಷ್ಟು ಹೆಚ್ಚಿಸಿ, ನುಡಿಸುವಾಗ ಪ್ಲೇಯರು ಅದನ್ನು ಅಷ್ಟೇ ಇಳಿಸುವ ಏರ್ಪಾಡು ಇದು. ಹೀಗೆ ಮಾಡಬೇಕೆಂಬ ಸೂಚನೆ ಸಬ್‌ಕೋಡ್‌ನಲ್ಲಿ ಒಂದು ಗುರುತಾಗಿ ಇರುತ್ತದೆ. ರಿಪ್ ಮಾಡಿದಾಗ ಧ್ವನಿಯ ಅಂಕಿಗಳು ತಪ್ಪಿಲ್ಲದೆ ಬರುತ್ತವೆ, ಆದರೆ ಆ ಗುರುತು ಫೈಲಿಗೆ ಬರುವುದಿಲ್ಲ. ಆಗ ಸಂಗೀತ ತೆಳುವಾಗಿ, ಕಿವಿ ಚುಚ್ಚುವಂತೆ ಕೇಳಿಸುತ್ತದೆ. ಇದಕ್ಕೆ ರಿಪ್ ಅನ್ನು ಎಸೆಯಬೇಕಾಗಿಲ್ಲ. ಸಾಕ್ಸ್‌ನಂಥ ತಂತ್ರಾಂಶದಿಂದ ಡೀ-ಎಂಫಸಿಸ್ ಮಾಡಿದ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿಕೊಂಡು ಮೂಲವನ್ನೂ ಉಳಿಸಿಕೊಳ್ಳಿ. ಗುರುತು ಕೆಲವೊಮ್ಮೆ ತಟ್ಟೆಯ ವಿಷಯಸೂಚಿಯಲ್ಲಿ ಇಲ್ಲದೆ ಸಬ್‌ಕೋಡ್‌ನಲ್ಲಿ ಮಾತ್ರ ಇರುವುದರಿಂದ, ಎರಡನ್ನೂ ಪರೀಕ್ಷಿಸುವ ತಂತ್ರಾಂಶ ಬಳಸುವುದು ಮುಖ್ಯ.

ತೊಂಬತ್ತರ ದಶಕದ ಎಚ್‌ಡಿಸಿಡಿ ತಟ್ಟೆಗಳು ಇನ್ನೊಂದು ಉದಾಹರಣೆ. ಅವುಗಳಲ್ಲಿ ಹದಿನಾರನೆಯ ಬಿಟ್‌ನೊಳಗೆ ಅಡಗಿಸಿದ ಸೂಚನೆಗಳಿರುತ್ತವೆ. ಅದನ್ನು ಬಲ್ಲ ಪ್ಲೇಯರು ಕುಗ್ಗಿಸಿದ ಶಿಖರಗಳನ್ನು ಹಿಗ್ಗಿಸುತ್ತದೆ. ಈ ಸೂಚನೆಗಳು ಧ್ವನಿಯ ಅಂಕಿಗಳಲ್ಲೇ ಇರುವುದರಿಂದ ನಿಖರವಾದ ರಿಪ್‌ನಲ್ಲಿ ಉಳಿಯುತ್ತವೆ, ಮತ್ತು ತಂತ್ರಾಂಶದಿಂದ ಆಮೇಲೆ ಬಿಡಿಸಬಹುದು. ಎಂಪಿ3ಗೆ ಬದಲಿಸಿದರೆ ಮಾತ್ರ ಅವು ಅಳಿಸಿಹೋಗುತ್ತವೆ.

ಅದೇ ಆಲ್ಬಮ್ ಅನ್ನು ಸ್ಟ್ರೀಮಿಂಗ್‌ನಲ್ಲಿ ಕೇಳಿದಾಗ ನನ್ನ ಹಳೆಯ ಸಿಡಿಗಿಂತ ಜೋರಾಗಿ, ಒತ್ತಡದಿಂದ ಕೂಡಿದಂತೆ ಕೇಳಿಸುತ್ತದೆ. ಇದು ಫೈಲಿನ ದೋಷವೇ?

ಅಲ್ಲ, ಮಾಸ್ಟರ್ ಬೇರೆ. ತೊಂಬತ್ತರ ದಶಕದಿಂದ ಈಚೆಗೆ ಬಂದ ಅನೇಕ ಮರುಮಾಸ್ಟರ್‌ಗಳಲ್ಲಿ ಮೆಲ್ಲನೆಯ ಭಾಗವನ್ನು ಏರಿಸಿ, ಜೋರಾದ ಭಾಗವನ್ನು ಅದುಮಿ, ಒಟ್ಟು ಸದ್ದನ್ನು ಹೆಚ್ಚಿಸಿದ್ದಾರೆ. ಸಂಗೀತದ ಉಸಿರೇ ಅದರ ಏರಿಳಿತದಲ್ಲಿದೆ. ಅದನ್ನು ಸಮತಟ್ಟು ಮಾಡಿದ ಪ್ರತಿ 24 ಬಿಟ್‌ನದಾದರೂ, ಏರಿಳಿತ ಉಳಿಸಿಕೊಂಡ 16 ಬಿಟ್‌ನ ಹಳೆಯ ಸಿಡಿಯೆದುರು ನಿಲ್ಲಲಾರದು. ನಿಮ್ಮ ಬಳಿ ಮೊದಲ ಮುದ್ರಣದ ಸಿಡಿ ಇದ್ದರೆ ಅದನ್ನು ಜೋಪಾನ ಮಾಡಿ. ಈ ಇಡೀ ಚರ್ಚೆಯಲ್ಲಿ ಕಿವಿಗೆ ತಿಳಿಯುವ ಅತಿ ದೊಡ್ಡ ವ್ಯತ್ಯಾಸ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ರಿಪ್ ಅನ್ನು 24 ಬಿಟ್, 96 ಕಿಲೋಹರ್ಟ್ಜ್‌ಗೆ ಬದಲಿಸಿದರೆ ಗುಣ ಹೆಚ್ಚುತ್ತದೆಯೇ?

ಇಲ್ಲ. ಫೈಲಿನ ಗಾತ್ರ ಮಾತ್ರ ಹೆಚ್ಚುತ್ತದೆ.

ಸಿಡಿಯ ಅಂಚಿಗೆ ಹಸಿರು ಬಣ್ಣ ಹಚ್ಚಿದರೆ, ತಟ್ಟೆಯ ಮೇಲೆ ವಿಶೇಷ ಮ್ಯಾಟ್ ಇಟ್ಟರೆ ಧ್ವನಿ ಸುಧಾರಿಸುತ್ತದೆಯೇ?

ಹಚ್ಚುವ ಮೊದಲು ಮತ್ತು ಹಚ್ಚಿದ ನಂತರ ರಿಪ್ ಮಾಡಿ ಚೆಕ್‌ಸಮ್ ಹೋಲಿಸಿದರೆ ಅಂಕಿಗಳು ಬದಲಾಗಿಲ್ಲ ಎಂದು ಕಾಣುತ್ತದೆ. ಬಣ್ಣದ ದ್ರಾವಕ ಲ್ಯಾಕರ್ ಪದರವನ್ನು ಕೆಡಿಸುವ ಅಪಾಯ ಮಾತ್ರ ಉಂಟು.

ನನ್ನ ಕಿವಿಗೆ ಕೇಳಿಸುವುದು ನಿಜವೋ ಎಂದು ಪರೀಕ್ಷಿಸುವುದು ಹೇಗೆ?

ಎರಡು ದಾರಿಗಳಿವೆ. ಮೊದಲನೆಯದಕ್ಕೆ ಕಿವಿ ಬೇಕಾಗಿಲ್ಲ: ಎರಡು ಫೈಲುಗಳನ್ನು ಆಡಿಯೋ ಸಂಪಾದಕ ತಂತ್ರಾಂಶದಲ್ಲಿ ಸ್ಯಾಂಪಲ್‌ಗೆ ಸ್ಯಾಂಪಲ್ ಹೊಂದಿಸಿ, ಒಂದನ್ನು ತಲೆಕೆಳಗಾಗಿಸಿ ಕೂಡಿಸಿ. ಪೂರ್ಣ ಮೌನ ಉಳಿದರೆ ಅವೆರಡೂ ಒಂದೇ. ವ್ಯತ್ಯಾಸವಿದ್ದರೆ ಆ ವ್ಯತ್ಯಾಸವೊಂದೇ ಉಳಿಯುತ್ತದೆ. ಎಂಪಿ3 ಮತ್ತು ಮೂಲಗಳ ನಡುವೆ ಹೀಗೆ ಉಳಿಯುವ ಸದ್ದು ಎದ್ದು ಕಾಣುವಂತಿದ್ದರೂ, ಅದು ಸಂಗೀತದ ಜೊತೆಗಿರುವಾಗ ಕೇಳಿಸುತ್ತದೆ ಎಂದೇನೂ ಅರ್ಥವಲ್ಲ.

ಎರಡನೆಯದು ಎಬಿಎಕ್ಸ್ ಪರೀಕ್ಷೆ. ಫೂಬಾರ್2000 ತಂತ್ರಾಂಶಕ್ಕೆ ಇದಕ್ಕಾಗಿ ಒಂದು ಸೇರ್ಪಡೆ ಇದೆ. ಎ ಮತ್ತು ಬಿ ನಿಮಗೆ ಗೊತ್ತಿರುವ ಫೈಲುಗಳು. ಎಕ್ಸ್ ಅವುಗಳಲ್ಲಿ ಒಂದು, ಯಾವುದು ಎಂದು ನೀವು ಹೇಳಬೇಕು. ಬರಿಯ ಊಹೆಯಿಂದ 16ರಲ್ಲಿ 12 ಅಥವಾ ಹೆಚ್ಚು ಸಲ ಸರಿ ಹೇಳುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ಆದ್ದರಿಂದ ಅಷ್ಟು ಸರಿಯಾದರೆ ನಿಮಗೆ ನಿಜಕ್ಕೂ ಕೇಳಿಸುತ್ತಿದೆ ಎಂದು ಭಾವಿಸಲು ಆಧಾರವಿದೆ. ಎಷ್ಟು ಸಲ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ, ಅಂಕ ಚೆನ್ನಾಗಿ ಬಂದ ಗಳಿಗೆಯಲ್ಲಿ ನಿಲ್ಲಿಸಬೇಡಿ. ಮಟ್ಟ ಸರಿಹೊಂದಿಸುವುದನ್ನು ಮರೆಯಬೇಡಿ.

ಫೈಲುಗಳಿಂದ ಮತ್ತೆ ಸಿಡಿ ಬರೆದರೆ ಅದು ಮೂಲದಷ್ಟೇ ಚೆನ್ನಾಗಿರುತ್ತದೆಯೇ?

ನಷ್ಟರಹಿತ ಫೈಲುಗಳಿಂದ ಬರೆದರೆ ಅಂಕಿಗಳು ಅವೇ. ಆದರೆ ಬರೆಯಬಹುದಾದ ಸಿಡಿಯಲ್ಲಿ ಗುಳಿಗಳ ಬದಲು ಬಣ್ಣದ ಪದರವಿದ್ದು ಪ್ರತಿಫಲನ ಕಡಿಮೆ ಇರುವುದರಿಂದ, ಕೆಲವು ಹಳೆಯ ಪ್ಲೇಯರುಗಳು ಅದನ್ನು ಓದಲು ಪರದಾಡುತ್ತವೆ. ಆ ಬಣ್ಣ ಬಿಸಿಲಿಗೂ ಬಿಸಿಗೂ ಮಾಸುತ್ತದೆ. ಎಂಪಿ3ಯಿಂದ ಬರೆದ ಸಿಡಿ ಹೊರನೋಟಕ್ಕೆ ಆಡಿಯೋ ಸಿಡಿಯೇ ಆದರೂ ಕಳೆದುಹೋದದ್ದು ಅದರಲ್ಲಿ ಮರಳಿ ಬಂದಿರುವುದಿಲ್ಲ.

ರಿಪ್ ಮಾಡಿದ ಮೇಲೆ ಸಿಡಿಗಳನ್ನು ಇಟ್ಟುಕೊಳ್ಳಬೇಕೇ?

ಇಟ್ಟುಕೊಳ್ಳಿ, ಆದರೆ ಅವು ಶಾಶ್ವತ ಎಂದು ನಂಬಬೇಡಿ. ತಟ್ಟೆಯ ಕೆಳಮುಖಕ್ಕಿಂತ ಲೇಬಲ್ ಇರುವ ಮೇಲ್ಮುಖವೇ ಹೆಚ್ಚು ಸೂಕ್ಷ್ಮ. ಕೆಳಗಿನ ಗೀರು ಪ್ಲಾಸ್ಟಿಕ್ಕಿನಲ್ಲಿ ಮಾತ್ರ ಇದ್ದರೆ ಉಜ್ಜಿ ಹೊಳಪು ಕೊಟ್ಟು ಸರಿಪಡಿಸಬಹುದು. ಮೇಲಿನ ಗೀರು ಲ್ಯಾಕರ್ ದಾಟಿ ಅಲ್ಯೂಮಿನಿಯಂ ಅನ್ನು ಕಿತ್ತರೆ ಮಾಹಿತಿ ಹೋದಂತೆಯೇ. ತೇವಾಂಶ ಒಳಸೇರಿ ಲೋಹದ ಪದರ ತುಕ್ಕು ಹಿಡಿಯುವುದೂ ಉಂಟು. 1988ರಿಂದ 1993ರ ನಡುವೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನ ಕಾರ್ಖಾನೆಯೊಂದರಲ್ಲಿ ಅಚ್ಚಾದ ಅನೇಕ ಸಿಡಿಗಳು ಅಂಚಿನಿಂದ ಕಂಚಿನ ಬಣ್ಣಕ್ಕೆ ತಿರುಗಿ ಓದಲಾಗದಂತಾದದ್ದು ಇದರ ಪ್ರಸಿದ್ಧ ಉದಾಹರಣೆ. ತಟ್ಟೆಯನ್ನು ಬೆಳಕಿಗೆ ಹಿಡಿದಾಗ ಸೂಜಿಮೊನೆಯಂಥ ತೂತುಗಳು ಕಂಡರೆ, ಅಥವಾ ಕೊನೆಯ ಹಾಡುಗಳಲ್ಲಿ ಮಾತ್ರ ದೋಷ ಹೆಚ್ಚುತ್ತಿದ್ದರೆ, ಆ ತಟ್ಟೆಯನ್ನು ಬೇರೆಲ್ಲಕ್ಕಿಂತ ಮೊದಲು ರಿಪ್ ಮಾಡಿ.

ಒರೆಸುವಾಗ ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ವೃತ್ತಾಕಾರದಲ್ಲಿ ಅಲ್ಲ. ವೃತ್ತಾಕಾರದ ಗೀರು ಸುರುಳಿಯ ಜೊತೆಗೇ ಸಾಗಿ ದೋಷ ತಿದ್ದುವ ವ್ಯವಸ್ಥೆಯ ಮಿತಿಯನ್ನು ದಾಟುತ್ತದೆ, ಅಡ್ಡಗೀರು ಹಾಗಲ್ಲ. ಫೈಲುಗಳನ್ನು ಕನಿಷ್ಠ ಎರಡು ಬೇರೆ ಬೇರೆ ಡಿಸ್ಕ್‌ಗಳಲ್ಲಿ, ಒಂದನ್ನು ಬೇರೆ ಜಾಗದಲ್ಲಿ ಇಡಿ, ಮತ್ತು ರಿಪ್ ಮಾಡಿದಾಗ ತಂತ್ರಾಂಶ ಕೊಡುವ ವರದಿಯನ್ನು ಫೈಲುಗಳ ಜೊತೆಗೇ ಉಳಿಸಿ. ಆ ಪ್ರತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ಮುಂದೆ ಅದನ್ನು ಕೇಳುವವರಿಗೆ ತಿಳಿಸುವ ದಾಖಲೆ ಅದೊಂದೇ.